ಸುಕೆಸದಾ ಅಂದರೆ ಯಾವ ಸುಕೆಸದಾ? ಒಂದು ಜಪಾನಿ ಬಾಕನ್ನು ನೋಡುವ ಬಗೆ

[ತೆರೆಯ ಮೇಲೆ: ಕಪ್ಪು ಬಟ್ಟೆಯ ಮೇಲೆ ಗಿಡ್ಡ ಬಾಕು. ಎರಡೂ ಕಡೆ ಅಂಚು.]

ನಮಸ್ಕಾರ. ಹಳೆಯ ಜಪಾನಿ ಬಾಕು ಕಂಡರೆ ಎಲ್ಲರೂ ಮೊದಲು ಕೇಳುವುದು, ಇದನ್ನು ಮಾಡಿದವರು ಯಾರು ಅಂತ. ಈ ಬಾಕಿನ ಮೇಲೆ ಸುಕೆಸದಾ ಅನ್ನುವ ಕಮ್ಮಾರನ ಸಹಿ ಇದೆ, ಆದರೂ ಇವತ್ತು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳೋಣ.

ಇಂಥ ಬಾಕಿಗೆ ತಾಂತೋ ಅನ್ನುತ್ತಾರೆ. ಅಲಗು ಸುಮಾರು 30 ಸೆಂಟಿಮೀಟರ್ ಒಳಗೇ ಇರುತ್ತದೆ. ಎರಡೂ ಕಡೆ ಹರಿತವಾದ ಈ ಮಾದರಿ 1500ರ ಆಸುಪಾಸಿನಲ್ಲಿ ಬಿಝೆನ್ ಪ್ರಾಂತ್ಯದ ಓಸಫುನೆಯಲ್ಲಿ ಜಾಸ್ತಿ ತಯಾರಾಯಿತು. ಓಸಫುನೆ ಈಗ ಒಕಯಾಮಾದಲ್ಲಿದೆ. 1467ರಲ್ಲಿ ಶುರುವಾದ ಒನಿನ್ ಯುದ್ಧದ ನಂತರ ಜಪಾನಿನಲ್ಲಿ ಕಾಳಗ ನಿಲ್ಲಲೇ ಇಲ್ಲ. ಅಲ್ಲಿನ ಕುಲುಮೆಗಳಿಗೆ ಬಿಡುವೂ ಇರಲಿಲ್ಲ.

[ಹತ್ತಿರದ ಚಿತ್ರ: ಅಲಗಿನ ಮೈ]

ಮೊದಲು ಉಕ್ಕನ್ನು ನೋಡಿ. ಕಬ್ಬಿಣದ ಮರಳನ್ನು ಇದ್ದಿಲಿನ ಜೊತೆ ಕಾಯಿಸಿ ಪಡೆದ ಉಕ್ಕು ಇದು. ಅದನ್ನು ಬಡಿದು ಮಡಚಿ, ಮತ್ತೆ ಬಡಿದು ಮಡಚಿ, ಸಾವಿರಾರು ಪದರ ಮಾಡುತ್ತಾರೆ. ಹಾಗಾಗಿ ಮೈಮೇಲೆ ಮರದ ಹಲಗೆಯಲ್ಲಿ ಕಾಣುವಂಥ ನಾರಿನ ಗೆರೆಗಳು ಮೂಡುತ್ತವೆ. ಗೆರೆ ಸಣ್ಣಗೆ, ಒತ್ತೊತ್ತಾಗಿ, ಬಿರುಕಿಲ್ಲದೆ ಇದ್ದರೆ ಕಮ್ಮಾರ ಅವಸರ ಮಾಡಿಲ್ಲ ಅಂತ ಅರ್ಥ.

ಈಗ ಅಂಚಿನ ಪಕ್ಕದ ಬಿಳಿ ಗೆರೆ. ಇದೇ ಹಮೋನ್. ನನಗೆ ಇಡೀ ಬಾಕಿನಲ್ಲಿ ಅತ್ಯಂತ ಇಷ್ಟವಾದ ಭಾಗ. ಇದು ಬರೆದ ಚಿತ್ರ ಅಲ್ಲ. ಕಾಯಿಸುವ ಮುಂಚೆ ಅಲಗಿಗೆ ಮಣ್ಣು ಮೆತ್ತುತ್ತಾರೆ, ಅಂಚಿನ ಹತ್ತಿರ ತೆಳ್ಳಗೆ, ಉಳಿದ ಕಡೆ ದಪ್ಪಗೆ. ಕೆಂಪಗೆ ಕಾದ ಮೇಲೆ ನೀರಿಗೆ ಅದ್ದಿದಾಗ ಅಂಚು ತಟ್ಟನೆ ತಣಿದು ಗಟ್ಟಿಯಾಗುತ್ತದೆ. ದಪ್ಪ ಮಣ್ಣಿನ ಕೆಳಗಿನ ಉಕ್ಕು ನಿಧಾನವಾಗಿ ತಣಿದು ಮೆತ್ತಗೆ ಉಳಿಯುತ್ತದೆ. ಎರಡರ ಗಡಿಯೇ ಹಮೋನ್. ಇಲ್ಲಿ ಎರಡೂ ಕಡೆ ಅಂಚು ಇದೆಯಲ್ವಾ? ಇಷ್ಟು ಕಿರಿದಾದ ಅಲಗಿನಲ್ಲಿ ಎರಡು ಗಡಿ ಮೂಡಿಸಿ, ನಡುವೆ ಮೆತ್ತನೆಯ ಉಕ್ಕನ್ನು ಉಳಿಸಬೇಕು. ಯಾರು ಅಂತ ಖಚಿತವಿಲ್ಲದ ಈ ಕಮ್ಮಾರನ ಕೈ ಎಷ್ಟು ಪಳಗಿತ್ತು ಅನ್ನುವುದು ನನಗೆ ಇಲ್ಲೇ ಕಾಣುತ್ತದೆ.

ಕೆಲವು ಅಲಗುಗಳ ಮೇಲೆ ಸಿದ್ಧಂ ಲಿಪಿಯ ಸಂಸ್ಕೃತ ಬೀಜಾಕ್ಷರ ಕೊರೆದಿರುತ್ತಾರೆ. ಬೌದ್ಧ ಧರ್ಮದ ಜೊತೆ ಭಾರತದಿಂದ ಹೊರಟು, ಚೀನಾ ದಾಟಿ ಜಪಾನಿಗೆ ಹೋದ ಅಕ್ಷರಗಳು ಅವು.

[ಹಿಡಿ ಬಿಚ್ಚಿದ ಚಿತ್ರ]

ಬಿದಿರಿನ ಮೊಳೆ ತೆಗೆದರೆ ಹಿಡಿ ಕಳಚುತ್ತದೆ. ಹಿಡಿಯೊಳಗೆ ಇರುವ ಅಲಗಿನ ಬುಡದ ತುಕ್ಕನ್ನು ಯಾವತ್ತೂ ಉಜ್ಜಬಾರದು. ಅದರ ಕಪ್ಪು ಬಣ್ಣವೇ ವಯಸ್ಸಿನ ಸಾಕ್ಷಿ. ಸಹಿ ಇರುವುದೂ ಇಲ್ಲೇ: "ಬಿಶೂ ಓಸಫುನೆ ಸುಕೆಸದಾ". ಬಿಶೂ ಅಂದರೆ ಬಿಝೆನ್ ಪ್ರಾಂತ್ಯದ್ದೇ ಇನ್ನೊಂದು ಹೆಸರು.

ಆದರೆ ಈ ಹೆಸರಿನ ಕಮ್ಮಾರರು ಒಬ್ಬಿಬ್ಬರಲ್ಲ, ಹತ್ತಾರು ಮಂದಿ. ಅವರಲ್ಲಿ ಹೆಚ್ಚು ಹೆಸರು ಮಾಡಿದವನು ಯೊಸೊಝಾಯೆಮೊನ್ ಸುಕೆಸದಾ. ಅವನು ತನ್ನ ಸ್ವಂತ ಹೆಸರನ್ನೂ ಸೇರಿಸಿ ಉದ್ದನೆಯ ಸಹಿ ಹಾಕುತ್ತಿದ್ದ. ಬರೀ ಗಿಡ್ಡ ಸಹಿ ಇದ್ದರೆ ಅದು ಯುದ್ಧಕ್ಕಾಗಿ ರಾಶಿಗಟ್ಟಲೆ ಮಾಡಿದ ಸರಕು ಅಂತ ಸಾಮಾನ್ಯವಾಗಿ ಪಕ್ಕಕ್ಕೆ ಸರಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅವುಗಳಲ್ಲೂ ಒಳ್ಳೆಯ ಕೆಲಸ ಇದೆ. ದೊಡ್ಡ ಹೆಸರುಗಳಿಗೆ ಸುಳ್ಳು ಸಹಿಯ ಕಾಟವೂ ಜಾಸ್ತಿ. ಉಕ್ಕನ್ನು ಓದಲು ಬಂದರೆ ಸಹಿಗೆ ಮೋಸಹೋಗುವುದು ಕಡಿಮೆ.

1590ರ ಸುಮಾರಿಗೆ ಯೋಶಿಇ ನದಿಯ ಪ್ರವಾಹ ಓಸಫುನೆಯನ್ನು ಕೊಚ್ಚಿಹಾಕಿತು. ಈಗ ಅಲ್ಲೇ ಕತ್ತಿಗಳ ಮ್ಯೂಸಿಯಂ ಇದೆ. ಹೋದರೆ ಗಾಜಿನ ಮುಂದೆ ಸುಮ್ನೆ ನೆಟ್ಟಗೆ ನಿಲ್ಲಬೇಡಿ. ಮಂಡಿ ಬಗ್ಗಿಸಿ, ದೀಪದ ಬೆಳಕು ಅಂಚಿನ ಮೇಲೆ ಸಿಗುವವರೆಗೂ ತಲೆಯನ್ನು ಮೇಲೆ ಕೆಳಗೆ ಸರಿಸಿ ನೋಡಿ. ಹಮೋನ್ ಚೆನ್ನಾಗಿ ಕಾಣುವುದು ಆಗಲೇ.