ನೊವಿ ಸಾದ್‌ನಿಂದ ಲಿಸ್ಬನ್‌ವರೆಗೆ: 1966–67ರ ಯುರೋಪಿಯನ್ ಕಪ್

ಸಭಿಕರೇ, ಫುಟ್‌ಬಾಲ್ ಪ್ರಿಯರೇ,

1967ರ ಮೇ 25ರಂದು ಪೋರ್ಚುಗಲ್‌ನ ಲಿಸ್ಬನ್ ನಗರದ ಅಂಚಿನಲ್ಲಿರುವ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡವು ಇಟಲಿಯ ಇಂಟರ್ ಮಿಲಾನ್ ತಂಡವನ್ನು 2–1ರಿಂದ ಸೋಲಿಸಿ ಯುರೋಪಿಯನ್ ಕಪ್ ಗೆದ್ದಿತು. ಈ ಆಟದ ಚರಿತ್ರೆಯಲ್ಲಿ ಆಸಕ್ತಿಯುಳ್ಳ ಹೆಚ್ಚಿನವರಿಗೆ ಈ ಸಂಗತಿ ಗೊತ್ತು. ಆದರೆ ಆ ಸಂಜೆಗೆ ಮುಂಚಿನ ಎಂಟು ತಿಂಗಳು ನಮ್ಮ ನೆನಪಿನಿಂದ ಬಹುಮಟ್ಟಿಗೆ ಜಾರಿಹೋಗಿವೆ. ನಾನು ಇಂದು ಮಾತನಾಡುವುದು ಮುಖ್ಯವಾಗಿ ಆ ಎಂಟು ತಿಂಗಳ ಬಗ್ಗೆ. ಆ ಋತುವಿನ ಅತಿ ದೊಡ್ಡ ಪಂದ್ಯ ಯಾವುದೆಂದು ಯಾರಾದರೂ ನನ್ನನ್ನು ಕೇಳಿದರೆ, ಲಿಸ್ಬನ್‌ಗಿಂತ ಮೊದಲು ನನ್ನ ಬಾಯಿಗೆ ಬರುವುದು ಮಾರ್ಚ್ 8ರ ರಾತ್ರಿ ಗ್ಲ್ಯಾಸ್ಗೋದಲ್ಲಿ ನಡೆದ ಪಂದ್ಯ.

ಮೊದಲು ಆ ಕಾಲದ ಕಟ್ಟುಪಾಡನ್ನು ತಿಳಿಯಬೇಕು. ಇಂದು ಚಾಂಪಿಯನ್ಸ್ ಲೀಗ್ ಎನಿಸಿಕೊಂಡಿರುವ ಸ್ಪರ್ಧೆಯಲ್ಲಿ ಆಗ ಲೀಗ್ ಹಂತವೇ ಇರಲಿಲ್ಲ. ಆಯಾ ದೇಶದ ಲೀಗ್ ಗೆದ್ದ ತಂಡಗಳಿಗೆ ಮತ್ತು ಹಿಂದಿನ ವರ್ಷ ಕಪ್ ಗೆದ್ದ ತಂಡಕ್ಕೆ ಮಾತ್ರ ಪ್ರವೇಶವಿತ್ತು. ಫೈನಲ್ ಬಿಟ್ಟು ಪ್ರತಿ ಸುತ್ತಿನಲ್ಲೂ ತವರಿನಲ್ಲೊಂದು, ಎದುರಾಳಿಯ ನೆಲದಲ್ಲೊಂದು, ಹೀಗೆ ಎರಡು ಪಂದ್ಯಗಳನ್ನು ಆಡಿ ಒಟ್ಟು ಗೋಲುಗಳನ್ನು ಕೂಡಿಸುತ್ತಿದ್ದರು. ಹೊರಗಿನ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚಿನ ಬೆಲೆ ಕೊಡುವ ನಿಯಮ ಈ ಕಪ್ಪಿಗೆ ಬಂದದ್ದು ಮರುವರ್ಷ. ಆದ್ದರಿಂದ ಲೆಕ್ಕ ಸಮವಾದರೆ ಮೂರನೆಯ ಪಂದ್ಯ ಆಡಲೇಬೇಕಿತ್ತು. ಸೋತವರು ಮತ್ತೆ ಇಲ್ಲಿಗೆ ಬರಬೇಕಾದರೆ ಮೊದಲು ತಮ್ಮ ದೇಶದ ಲೀಗನ್ನು ಇನ್ನೊಮ್ಮೆ ಗೆದ್ದು ಬರಬೇಕು. ಒಂದು ಮಂಜು ಕವಿದ ಸಂಜೆ, ಒಂದು ತಪ್ಪು ಪಾಸ್, ಒಬ್ಬ ಆಟಗಾರನ ಗಾಯ, ಇಷ್ಟೇ ಸಾಕಿತ್ತು ಇಡೀ ವರ್ಷದ ದುಡಿಮೆ ನೀರಿನಲ್ಲಿ ಹೋಮವಾಗಲು.

ಮಂಜಿನ ಮಾತು ಅಲಂಕಾರಕ್ಕಾಗಿ ಹೇಳಿದ್ದಲ್ಲ. 1966ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಚಾಂಪಿಯನ್ ಲಿವರ್‌ಪೂಲ್ ಆಮ್‌ಸ್ಟರ್‌ಡ್ಯಾಮಿನ ದಟ್ಟ ಮಂಜಿನಲ್ಲಿ, ಹತ್ತೊಂಬತ್ತು ವಯಸ್ಸಿನ ಯೋಹಾನ್ ಕ್ರೈಫ್ ಆಡುತ್ತಿದ್ದ ಅಯಾಕ್ಸ್ ತಂಡಕ್ಕೆ 5–1ರಿಂದ ಸೋತಿತು. ತವರಿನಲ್ಲಿ 2–2ರ ಡ್ರಾ ಸಾಧಿಸಿದರೂ ಆ ಅಂತರ ತುಂಬಲಿಲ್ಲ. ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್ ತಂಡವನ್ನು ಯುಗೋಸ್ಲಾವಿಯಾದ ವೊಯ್ವೊದಿನಾ ಮೂರನೆಯ ಪಂದ್ಯದಲ್ಲಿ, ಅದೂ ಮ್ಯಾಡ್ರಿಡ್‌ನಲ್ಲೇ, ಹೆಚ್ಚುವರಿ ಸಮಯದಲ್ಲಿ ಹೊರಗಟ್ಟಿತು. ಸೋವಿಯತ್ ಒಕ್ಕೂಟ ಈ ಸ್ಪರ್ಧೆಗೆ ಮೊದಲ ಬಾರಿ ತಂಡ ಕಳುಹಿಸಿದ್ದೂ ಇದೇ ವರ್ಷ. ಆ ಟಾರ್ಪಿಡೊ ಮಾಸ್ಕೊ ತಂಡ ಒಂದೇ ಒಂದು ಗೋಲಿನ ಅಂತರದಲ್ಲಿ ಇಂಟರ್‌ಗೆ ಶರಣಾಯಿತು. ಹಿಂದಿನ ವರ್ಷದ ವಿಜೇತ ರಿಯಲ್ ಮ್ಯಾಡ್ರಿಡ್ ಕೂಡ ಕ್ವಾರ್ಟರ್ ಫೈನಲ್‌ನಲ್ಲಿ ಇಂಟರ್ ವಿರುದ್ಧ ಎರಡೂ ಪಂದ್ಯಗಳಲ್ಲಿ ಒಂದು ಗೋಲನ್ನೂ ಹೊಡೆಯಲಾಗದೆ ಮನೆಗೆ ಹೋಯಿತು.

ಇಂಟರ್ ತಂಡದ ಬಗ್ಗೆ ಎರಡು ಮಾತು ಹೇಳದಿದ್ದರೆ ಅನ್ಯಾಯವಾದೀತು. 1964 ಮತ್ತು 1965ರಲ್ಲಿ ಸತತವಾಗಿ ಕಪ್ ಗೆದ್ದಿದ್ದ ಆ ತಂಡದ ಗುರು ಹೆಲೆನಿಯೊ ಹೆರೇರಾ. ಅವರ ಪದ್ಧತಿಗೆ ಇಟಲಿಯ ಭಾಷೆಯಲ್ಲಿ ‘ಕಟೆನಾಚ್ಚೊ’, ಅಂದರೆ ಬಾಗಿಲ ಅಗುಳಿ, ಎಂಬ ಹೆಸರಿತ್ತು. ರಕ್ಷಣಾ ಆಟಗಾರರ ಸಾಲಿನ ಹಿಂದೆ ಅರ್ಮಾಂದೊ ಪಿಕ್ಕಿ ಎಂಬ ಆಟಗಾರ ಕಾವಲು ನಿಂತು, ಮುಂದಿನವರ ಕೈಮೀರಿ ಬಂದ ಚೆಂಡನ್ನೆಲ್ಲ ಬಾಚಿ ಹಾಕುತ್ತಿದ್ದರು. ಒಂದು ಗೋಲು ಹೊಡೆದ ಮೇಲೆ ಅಗುಳಿ ಬೀಳುತ್ತಿತ್ತು. ಇದನ್ನು ಹೇಡಿಗಳ ಆಟವೆಂದು ಜರೆಯುವುದು ಸುಲಭ. ನಾನು ಹಾಗೆ ಹೇಳಲಾರೆ, ಏಕೆಂದರೆ ಒಂದೇ ಗೋಲು ಸುತ್ತನ್ನು ತೀರ್ಮಾನಿಸುವ ನಾಕೌಟ್ ಸ್ಪರ್ಧೆಯ ಲೆಕ್ಕಾಚಾರವನ್ನು ಅಷ್ಟು ಆಳವಾಗಿ ಅರಿತ ತಂಡ ಆಗ ಇನ್ನೊಂದಿರಲಿಲ್ಲ. ಜೊತೆಗೆ ಎಡ ಬದಿಯ ರಕ್ಷಕ ಜಿಯಾಸಿಂಟೊ ಫಾಕ್ಕೆಟ್ಟಿ ಮುಂದೆ ನುಗ್ಗಿ ಗೋಲು ಹೊಡೆಯಬಲ್ಲವರೂ ಆಗಿದ್ದರು.

ಸೆಲ್ಟಿಕ್ ಬಂದದ್ದು ಬೇರೆಯದೇ ಮಣ್ಣಿನಿಂದ. ಗ್ಲ್ಯಾಸ್ಗೋ ನಗರದ ಪೂರ್ವ ಭಾಗದಲ್ಲಿ ನೆಲೆಸಿದ್ದ ಐರಿಷ್ ವಲಸಿಗರಲ್ಲಿನ ಬಡವರ ಹೊಟ್ಟೆಗೆ ಅನ್ನ ಒದಗಿಸಲು ಹಣ ಕೂಡಿಸುವ ಉದ್ದೇಶದಿಂದ 1887ರಲ್ಲಿ ಹುಟ್ಟಿದ ಕ್ಲಬ್ ಅದು. ಕಲ್ಲಿದ್ದಲು ಗಣಿಯಲ್ಲಿ ದುಡಿದಿದ್ದ ಜಾಕ್ ಸ್ಟೀನ್ 1965ರಲ್ಲಿ ಮ್ಯಾನೇಜರ್ ಆಗಿ ಬರುವ ಹೊತ್ತಿಗೆ ಕ್ಲಬ್ 1954ರಿಂದೀಚೆಗೆ ಲೀಗನ್ನೇ ಗೆದ್ದಿರಲಿಲ್ಲ. ಲಿಸ್ಬನ್‌ನಲ್ಲಿ ಆಡಿದ ಹನ್ನೊಂದು ಮಂದಿಯೂ ಕ್ಲಬ್ಬಿನ ಮೈದಾನದಿಂದ ಹೆಚ್ಚುಕಡಿಮೆ 30 ಮೈಲಿಯೊಳಗೆ ಹುಟ್ಟಿದವರು ಎಂಬ ಮಾತು ಪ್ರಸಿದ್ಧವಾಗಿದೆ. ನನ್ನ ಮನಸ್ಸನ್ನು ಇನ್ನೂ ಹೆಚ್ಚು ತಟ್ಟುವುದು ಗೋಲ್‌ಕೀಪರ್ ರಾನಿ ಸಿಂಪ್ಸನ್ ಅವರ ಕಥೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಆಡಿದ್ದ ಅವರಿಗೆ ಈ ಫೈನಲ್ ಹೊತ್ತಿಗೆ 36 ವರ್ಷ.

ಮೊದಲ ಎರಡು ಸುತ್ತುಗಳನ್ನು ಸೆಲ್ಟಿಕ್ ಸರಾಗವಾಗಿ ದಾಟಿತು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ತಂಡದ ಮೇಲೆ 2–0, 3–0. ಫ್ರಾನ್ಸಿನ ನಾಂತ್ ಮೇಲೆ ಎರಡೂ ಕಡೆ 3–1. ಆ ಅಭಿಯಾನದ ಮೊಟ್ಟಮೊದಲ ಗೋಲು ಹೊಡೆದವರು ಎಡ ಬದಿಯ ರಕ್ಷಕ ಟಾಮಿ ಗೆಮ್ಮೆಲ್. ಈ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಿ. ಡಿಸೆಂಬರ್ ಕೊನೆಯಲ್ಲಿ ತಂಡದ ಮುಖ್ಯ ಗೋಲುಗಾರ ಜೋ ಮೆಕ್‌ಬ್ರೈಡ್ ಮೊಣಕಾಲಿನ ಗಾಯದಿಂದ ಆ ಋತುವಿನ ಮಟ್ಟಿಗೆ ಮೈದಾನ ಬಿಡಬೇಕಾಯಿತು.

ಹೀಗೆ ಮಾರ್ಚ್ 1ರಂದು ಅವರು ಡ್ಯಾನ್ಯೂಬ್ ದಂಡೆಯ ನೊವಿ ಸಾದ್ ಊರಿಗೆ, ವೊಯ್ವೊದಿನಾ ತಂಡದ ಮನೆಗೆ ಹೋದರು. ಅಟ್ಲೆಟಿಕೊವನ್ನು ಮಣಿಸಿ ಬಂದಿದ್ದ ವೊಯ್ವೊದಿನಾ ಸುಲಭದ ತುತ್ತಾಗಿರಲಿಲ್ಲ. ಪಂದ್ಯ ಗೋಲಿಲ್ಲದೆ ಸಾಗುತ್ತಿದ್ದಾಗ ದ್ವಿತೀಯಾರ್ಧದಲ್ಲಿ ಗೆಮ್ಮೆಲ್ ತಮ್ಮವರಿಗೆಂದು ಹಿಂದಕ್ಕೆ ಕೊಟ್ಟ ಪಾಸ್ ಅರ್ಧಕ್ಕೇ ನಿಂತಿತು. ಎದುರಾಳಿಗಳು ಅದನ್ನು ಕಸಿದರು, ಸ್ತಾನಿಚ್ ಗೋಲು ಹೊಡೆದರು. ಸೆಲ್ಟಿಕ್ 0–1ರಿಂದ ಸೋತಿತು. ಆ ಇಡೀ ಅಭಿಯಾನದಲ್ಲಿ ಅದು ಅನುಭವಿಸಿದ ಸೋಲು ಇದೊಂದೇ.

ಒಂದು ವಾರದ ನಂತರ, ಮಾರ್ಚ್ 8ರಂದು, ಗ್ಲ್ಯಾಸ್ಗೋದ ಮೈದಾನ ಕಿಕ್ಕಿರಿದಿತ್ತು. ಮೊದಲಾರ್ಧದಲ್ಲಿ ವೊಯ್ವೊದಿನಾದ ರಕ್ಷಣೆ ಒಂದಿಷ್ಟೂ ಬಿರಿಯಲಿಲ್ಲ. ವಿರಾಮದ ಬಳಿಕ ಗೆಮ್ಮೆಲ್ ಎಡ ಬದಿಯಿಂದ ತೇಲಿಸಿದ ಚೆಂಡನ್ನು ಗೋಲ್‌ಕೀಪರ್ ಪಾಂತೆಲಿಚ್ ಕೈಗೆ ಸಿಕ್ಕಿಸಿಕೊಳ್ಳಲಾಗದೆ ಬಿಟ್ಟರು, ಸ್ಟೀವಿ ಚಾಮರ್ಸ್ ಅದನ್ನು ಬಲೆಗೆ ಸೇರಿಸಿದರು. ಈಗ ಒಟ್ಟು ಲೆಕ್ಕ 1–1. ಇದು ಹೀಗೇ ಮುಗಿದರೆ ಮೂರನೆಯ ಪಂದ್ಯ ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ ನಡೆಯಬೇಕಿತ್ತು. ಮೆಕ್‌ಬ್ರೈಡ್ ಇಲ್ಲದ, ಲೀಗ್ ಮತ್ತು ಸ್ಕಾಟಿಷ್ ಕಪ್ ಎರಡರಲ್ಲೂ ಹೋರಾಡುತ್ತಿದ್ದ ತಂಡಕ್ಕೆ ಅಲ್ಲಿ ಏನು ಕಾದಿತ್ತೋ ಯಾರು ಬಲ್ಲರು? ಪಂದ್ಯದ ಕಟ್ಟಕಡೆಯ ನಿಮಿಷದಲ್ಲಿ ಬಲ ಮೂಲೆಯಲ್ಲೊಂದು ಕಾರ್ನರ್ ಸಿಕ್ಕಿತು. ಚಾರ್ಲಿ ಗ್ಯಾಲಹರ್ ಚೆಂಡನ್ನು ತೇಲಿಬಿಟ್ಟರು, ನಾಯಕ ಬಿಲ್ಲಿ ಮೆಕ್‌ನೀಲ್ ಎಲ್ಲರಿಗಿಂತ ಮೇಲೆ ಜಿಗಿದು ತಲೆಯಿಂದ ಗೋಲಿಗಟ್ಟಿದರು. 2–0. ಮತ್ತೆ ಆಟ ಶುರುವಾಗಿ ಹೆಚ್ಚು ಹೊತ್ತು ನಡೆಯಲಿಲ್ಲ. ಆ ಕಾರ್ನರ್ ಕೊಟ್ಟ ಗ್ಯಾಲಹರ್ ಲಿಸ್ಬನ್‌ನಲ್ಲಿ ಕಣಕ್ಕಿಳಿದ ಹನ್ನೊಂದು ಮಂದಿಯಲ್ಲಿ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಹನ್ನೊಂದು ಹೆಸರುಗಳ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡ ನಾವು ಅವರನ್ನು ಮರೆಯುತ್ತೇವೆ.

ಸೆಮಿಫೈನಲ್‌ನಲ್ಲಿ ಎದುರಾದದ್ದು ಚೆಕೊಸ್ಲೊವಾಕಿಯಾದ ಸೇನಾ ತಂಡ ದುಕ್ಲಾ ಪ್ರಾಗ್. 1962ರಲ್ಲಿ ಯುರೋಪಿನ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಪಡೆದ ಯೋಸೆಫ್ ಮಸೊಪುಸ್ತ್ ಆ ತಂಡದಲ್ಲಿದ್ದರು. ಜಿಮ್ಮಿ ಜಾನ್‌ಸ್ಟನ್ ಅವರ ಒಂದು, ವಿಲ್ಲಿ ವಾಲೇಸ್ ಅವರ ಎರಡು ಗೋಲುಗಳಿಂದ ಸೆಲ್ಟಿಕ್ ತವರಿನಲ್ಲಿ 3–1ರಿಂದ ಗೆದ್ದಿತು. ಪ್ರಾಗ್‌ನಲ್ಲಿ ಮಾತ್ರ ಸ್ಟೀನ್ ತಮ್ಮ ಸ್ವಭಾವಕ್ಕೆ ವಿರುದ್ಧವಾಗಿ ಹತ್ತು ಜನರನ್ನು ಹಿಂದೆ ನಿಲ್ಲಿಸಿ, ಮುಂದೆ ಚಾಮರ್ಸ್ ಒಬ್ಬರನ್ನೇ ಬಿಟ್ಟು 0–0ಯಿಂದ ಪಾರಾದರು. ದಾಳಿಯ ಆಟಕ್ಕೆ ಹೆಸರಾದ ತಂಡ ಫೈನಲ್ ಪ್ರವೇಶಿಸಿದ್ದು ಬಾಗಿಲಿಗೆ ಅಗುಳಿ ಹಾಕಿಯೇ! ನಾಕೌಟ್ ಸ್ಪರ್ಧೆ ಯಾರನ್ನೂ ಪೂರ್ತಿಯಾಗಿ ತಮ್ಮಿಷ್ಟದಂತೆ ಆಡಲು ಬಿಡುವುದಿಲ್ಲ. ಅತ್ತ ಇಂಟರ್, ಬಲ್ಗೇರಿಯಾದ ಸೋಫಿಯಾ ನಗರದ ಸೇನಾ ತಂಡದೊಂದಿಗೆ ಎರಡು ಬಾರಿ 1–1ರಲ್ಲಿ ನಿಂತು, ಬೊಲೊನ್ಯಾದಲ್ಲಿ ನಡೆದ ಮೂರನೆಯ ಪಂದ್ಯವನ್ನು 1–0ಯಿಂದ ಗೆದ್ದು ಬಂದಿತು. ಅದು ದಣಿದಿತ್ತು. ನಡು ಮೈದಾನದ ಲೂಯಿಸ್ ಸುವಾರೆಸ್ ಗಾಯದಿಂದಾಗಿ ಫೈನಲ್ ಆಡಲಿಲ್ಲ.

ಲಿಸ್ಬನ್‌ನಲ್ಲಿ ಏಳನೆಯ ನಿಮಿಷಕ್ಕೇ ಜಿಮ್ ಕ್ರೇಗ್ ಇಂಟರ್‌ನ ಕಪ್ಪೆಲ್ಲಿನಿಯನ್ನು ಕೆಡವಿದರು. ಪೆನಾಲ್ಟಿಯನ್ನು ಸಾಂದ್ರೊ ಮಾತ್ಸೊಲಾ ಗೋಲಾಗಿಸಿದರು, ಅಗುಳಿ ಬಿತ್ತು. ಆಮೇಲಿನ ಒಂದು ಗಂಟೆ ಸೆಲ್ಟಿಕ್ ಅಲೆಯಲೆಯಾಗಿ ನುಗ್ಗಿತು. ಬರ್ಟಿ ಆಲ್ಡ್ ಅವರ ಹೊಡೆತ ಅಡ್ಡಕಂಬಕ್ಕೆ ಬಡಿಯಿತು, ಗೋಲ್‌ಕೀಪರ್ ಸಾರ್ತಿ ಒಂದಾದ ಮೇಲೊಂದರಂತೆ ಚೆಂಡುಗಳನ್ನು ತಡೆದರು. 63ನೆಯ ನಿಮಿಷದಲ್ಲಿ, ಪೆನಾಲ್ಟಿಗೆ ಕಾರಣರಾಗಿದ್ದ ಅದೇ ಕ್ರೇಗ್ ಬಲ ಬದಿಯಿಂದ ಚೆಂಡನ್ನು ಅಡ್ಡಕ್ಕೆ ಸರಿಸಿದರು. ಓಡಿ ಬಂದು ಅದನ್ನು ಬಲೆಗೆ ಸಿಡಿಸಿದವರು ಗೆಮ್ಮೆಲ್, ನೊವಿ ಸಾದ್‌ನಲ್ಲಿ ಪಾಸ್ ತಪ್ಪಿದ್ದ ಅದೇ ಗೆಮ್ಮೆಲ್. ಇಬ್ಬರು ಫುಲ್‌ಬ್ಯಾಕ್‌ಗಳು, ಅಂದರೆ ಎರಡು ಬದಿಗಳ ರಕ್ಷಕರು, ಕೂಡಿ ಕಟ್ಟಿದ ಈ ಗೋಲು, ತಪ್ಪು ಮಾಡಿದವರನ್ನು ಹೊರಗೆ ಕೂರಿಸದೆ ಮತ್ತೆ ಮುಂದಕ್ಕೆ ಓಡಲು ಬಿಟ್ಟ ಸ್ಟೀನ್ ಅವರ ದುಡಿಮೆಯ ಫಲವೆಂದು ನಾನು ನಂಬಿದ್ದೇನೆ. 84ನೆಯ ನಿಮಿಷದಲ್ಲಿ ಬಾಬಿ ಮರ್ಡಾಕ್ ಹೊಡೆದ ಚೆಂಡಿಗೆ ಚಾಮರ್ಸ್ ಕಾಲು ಸೋಕಿಸಿ ದಿಕ್ಕು ಬದಲಿಸಿದರು. ಸ್ಪೇನ್, ಪೋರ್ಚುಗಲ್ ಮತ್ತು ಇಟಲಿಯ ಕ್ಲಬ್‌ಗಳು ಹನ್ನೊಂದು ವರ್ಷ ತಮ್ಮಲ್ಲೇ ಇಟ್ಟುಕೊಂಡಿದ್ದ ಕಪ್ಪು ಮೊದಲ ಬಾರಿಗೆ ಬೇರೊಂದು ದೇಶಕ್ಕೆ ಹೋಯಿತು. ಅಭಿಮಾನಿಗಳು ಮೈದಾನಕ್ಕೆ ನುಗ್ಗಿದ್ದರಿಂದ ತಂಡವೆಲ್ಲ ಒಟ್ಟಾಗಿ ವೇದಿಕೆ ಏರಲಾಗದೆ, ಮೆಕ್‌ನೀಲ್ ಒಬ್ಬರೇ ಹೋಗಿ ಅದನ್ನು ಎತ್ತಿ ಹಿಡಿದರು.

ಆ ವರ್ಷ ಸೆಲ್ಟಿಕ್ ಸ್ಕಾಟ್ಲೆಂಡಿನ ಲೀಗ್, ಸ್ಕಾಟಿಷ್ ಕಪ್, ಲೀಗ್ ಕಪ್ ಮೂರನ್ನೂ ಗೆದ್ದಿತು. ಇಂಟರ್ ಒಂದು ವಾರದ ನಂತರ ಮಾಂತೊವಾದಲ್ಲಿ 0–1ರಿಂದ ಸೋತು ಇಟಲಿಯ ಲೀಗನ್ನೂ ಕೈಬಿಟ್ಟಿತು. ಆದರೆ ಈ ಸ್ಪರ್ಧೆಯ ನಿಯಮ ಗೆದ್ದವರಿಗೂ ರಿಯಾಯಿತಿ ತೋರಿಸಲಿಲ್ಲ. ಶರತ್ಕಾಲದಲ್ಲಿ ಹಾಲಿ ವಿಜೇತರಾಗಿ ಮರಳಿದ ಸೆಲ್ಟಿಕ್ ಮೊದಲ ಸುತ್ತಿನಲ್ಲೇ ಡೈನಮೊ ಕೀವ್ ವಿರುದ್ಧ ತವರಿನಲ್ಲಿ 1–2ರಿಂದ ಸೋತು, ಕೀವ್‌ನಲ್ಲಿ 1–1ರ ಡ್ರಾ ಮಾಡಿಕೊಂಡು, 1967ರ ಅಕ್ಟೋಬರ್ ಮೊದಲ ವಾರದಲ್ಲಿ ಹೊರಬಿತ್ತು.