ಪೆಡಂಭೂತದ ತೂಕ

ಎಲ್ಲರಿಗೂ ನಮಸ್ಕಾರ.

ಬೆಳಗಿನ ಗೋಷ್ಠಿಯಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ ಪ್ರಶ್ನೆ ಊಟದ ಹೊತ್ತಿನಲ್ಲೂ ನನ್ನನ್ನು ಬಿಡಲಿಲ್ಲ. "ರಬ್ಬರಿನ ವೇಷ ತೊಟ್ಟ ಮನುಷ್ಯ ಆಟಿಕೆಯ ಊರನ್ನು ತುಳಿಯುವುದನ್ನು ನೋಡಿದರೆ ನಗು ಬರುತ್ತದೆ, ಸರ್. ಎಲ್ಲವನ್ನೂ ಕಂಪ್ಯೂಟರ್ ಮಾಡುವ ಈ ಕಾಲದಲ್ಲಿ ಅದರಿಂದ ಕಲಿಯುವುದೇನಿದೆ?" ಎಂದು ಆತ ಕೇಳಿದ. ಸಭೆ ನಕ್ಕಿತು. ನಾನು ನಗಲಿಲ್ಲ. ಇವತ್ತು ಎಂಟು ಅಂಶಗಳನ್ನು ಬರೆದುಕೊಂಡು ಬಂದಿದ್ದೇನೆ. ಎಷ್ಟಕ್ಕೆ ಸಮಯ ಸಿಗುತ್ತದೋ ನೋಡೋಣ. ಆ ಹುಡುಗನಿಗೆ ಉತ್ತರ ಹೇಳದೆ ಮಾತ್ರ ಈ ವೇದಿಕೆಯಿಂದ ಇಳಿಯುವುದಿಲ್ಲ.

1966ರಲ್ಲಿ ಜಪಾನಿನ ಟಿ.ವಿ.ಯಲ್ಲಿ ಬಂದ ಎರಡು ಸರಣಿಗಳು ನನ್ನ ವಿಷಯ. ಜನವರಿ 2ರಿಂದ 'ಅಲ್ಟ್ರಾ ಕ್ಯೂ', ಅದರ ಬೆನ್ನಿಗೇ ಜುಲೈಯಿಂದ, ಪೆಡಂಭೂತಗಳೊಡನೆ ಸೆಣಸುವ ದೈತ್ಯ ವೀರನ ಕಥೆ 'ಅಲ್ಟ್ರಾಮ್ಯಾನ್'. ಎರಡೂ ಟಿಬಿಎಸ್ ವಾಹಿನಿಯಲ್ಲಿ, ಭಾನುವಾರ ಸಂಜೆ 7 ಗಂಟೆಗೆ, ಮನೆಮಂದಿಯೆಲ್ಲ ಒಟ್ಟಿಗೆ ಕೂರುವ ಹೊತ್ತಿನಲ್ಲಿ. ಮಾಡಿದವರು ಎಯ್ಜಿ ತ್ಸುಬುರಾಯಾ ಮತ್ತು ಅವರು 1963ರಲ್ಲಿ ಕಟ್ಟಿದ ಕಂಪನಿ. 1954ರ 'ಗಾಡ್ಜಿಲ್ಲಾ' ಚಿತ್ರದ ಟ್ರಿಕ್ ದೃಶ್ಯಗಳ ಹಿಂದಿನ ಕೈ ಇವರದೇ ಎಂಬುದು ಈ ಸಭೆಗೆ ಗೊತ್ತು. ಆ ಚರಿತ್ರೆಗೆ ಹೋಗುವುದಿಲ್ಲ.

ನಾನು ಹೇಳಬೇಕಾದ ಮಾತು ಇದು: ಪೆಡಂಭೂತವನ್ನು ದೊಡ್ಡದಾಗಿ ತೋರಿಸುವುದು ಕಷ್ಟವಲ್ಲ, ಅದಕ್ಕೆ ತೂಕ ತರುವುದು ಕಷ್ಟ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ತೊಂಬತ್ತರ ದಶಕದಲ್ಲಿ ಒಂದು ಪೌರಾಣಿಕ ಧಾರಾವಾಹಿಗೆ ನಾವು ಆರು ಜನ ಹದಿನೆಂಟು ದಿನ ಕೂತು ಒಂದು ಕೋಟೆ ಮಾಡಿದ್ದೆವು. ಥರ್ಮೋಕೋಲ್ ಗೋಡೆ, ಅದರ ಮೇಲೆ ಸುಣ್ಣದ ಲೇಪ, ಒಂದೊಂದು ತೆನೆಯನ್ನೂ ಕೈಯಲ್ಲೇ ಕೊರೆದದ್ದು. ರಾಕ್ಷಸ ಅದನ್ನು ಒದೆಯಬೇಕು. ಒದೆದ. ಕ್ಯಾಮೆರಾದಲ್ಲಿ ನೋಡಿದರೆ ಮೊರದಿಂದ ಮಂಡಕ್ಕಿ ಚೆಲ್ಲಿದಂತೆ ಇತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಕೋಟೆ ನೆಲದ ಮೇಲೆ. ತಪ್ಪು ಕೋಟೆಯದ್ದಲ್ಲ, ರಾಕ್ಷಸನದ್ದೂ ಅಲ್ಲ. ನಮ್ಮ ವಿಡಿಯೊ ಕ್ಯಾಮೆರಾ ಸೆಕೆಂಡಿಗೆ 25 ಚೌಕಟ್ಟುಗಳನ್ನಷ್ಟೇ, ಅಂದರೆ 25 ಬಿಡಿ ಚಿತ್ರಗಳನ್ನಷ್ಟೇ, ಹಿಡಿಯುತ್ತಿತ್ತು. ವೇಗ ಹೆಚ್ಚಿಸಬಲ್ಲ ಫಿಲ್ಮ್ ಕ್ಯಾಮೆರಾವನ್ನು ಒಂದು ದಿನದ ಮಟ್ಟಿಗಾದರೂ ಬಾಡಿಗೆಗೆ ತರಿಸಿ ಎಂದು ಬೇಡಿಕೊಂಡಿದ್ದೆ. ನಿರ್ಮಾಪಕರು ಒಪ್ಪಿರಲಿಲ್ಲ.

ಲೆಕ್ಕ ಸರಳ. 40 ಮೀಟರ್ ಎತ್ತರದ ಕಟ್ಟಡದ ತುದಿಯಿಂದ ಕಳಚಿದ ಕಲ್ಲು ನೆಲ ಮುಟ್ಟಲು ಹತ್ತಿರ ಹತ್ತಿರ ಮೂರು ಸೆಕೆಂಡು ಬೇಕು. ಅದೇ ಕಟ್ಟಡದ 25ನೇ ಒಂದು ಪಾಲಿನ ಮಾದರಿ ಮಾಡಿ. ಎತ್ತರ 160 ಸೆಂಟಿಮೀಟರ್. ಅಲ್ಲಿಂದ ಬಿದ್ದ ಚೂರು ಅರ್ಧ ಸೆಕೆಂಡಿಗೆ ತುಸು ಹೆಚ್ಚಿನಲ್ಲಿ ನೆಲ ಸೇರುತ್ತದೆ. ಎತ್ತರ 25 ಪಟ್ಟು ಕುಗ್ಗಿದಾಗ ಸಮಯ ಕುಗ್ಗುವುದು ಅದರ ವರ್ಗಮೂಲದಷ್ಟು, ಅಂದರೆ 5 ಪಟ್ಟು. ಆ ಕಾಲವನ್ನು ಮತ್ತೆ ಹಿಗ್ಗಿಸಬೇಕಾದರೆ ಸೆಕೆಂಡಿಗೆ 24ರ ಬದಲು 120 ಚೌಕಟ್ಟು ಹಿಡಿದು, ಎಂದಿನ ವೇಗದಲ್ಲಿ ತೋರಿಸಬೇಕು. ಆಗ ಕಟ್ಟಡ ನಿಧಾನವಾಗಿ ವಾಲುತ್ತದೆ, ಧೂಳು ತಡವಾಗಿ ಏಳುತ್ತದೆ, ಪೆಡಂಭೂತ ಕಾಲೆತ್ತಿ ಇಡುವ ಮುನ್ನ ನಮ್ಮ ಎದೆ ಒಮ್ಮೆ ಹಿಡಿದುಕೊಳ್ಳುತ್ತದೆ. ತೂಕ ಹುಟ್ಟುವುದು ಅಲ್ಲಿ. ಈ ಲೆಕ್ಕಕ್ಕೆ ಜಗ್ಗದಿರುವುದು ನೀರು. ಹನಿಯ ಗಾತ್ರ ಎಲ್ಲಿ ಹೋದರೂ ಹನಿಯದ್ದೇ. ಸಮುದ್ರದ ದೃಶ್ಯಗಳಲ್ಲಿ ಆಟಿಕೆಯ ಗುಟ್ಟು ಮೊದಲು ರಟ್ಟಾಗುವುದು ಅದರಿಂದಲೇ.

ಈಗ ಮುಂದಿನ ಕೊಂಡಿ ನೋಡಿ. ಐದು ಪಟ್ಟು ವೇಗ ಎಂದರೆ ಐದು ಪಟ್ಟು ಫಿಲ್ಮ್. ಒಂದೊಂದು ಚೌಕಟ್ಟಿಗೂ ಬೆಳಕು ತಾಗುವ ಹೊತ್ತು ಐದನೇ ಒಂದು ಪಾಲಿಗೆ ಇಳಿಯುವುದರಿಂದ ಐದು ಪಟ್ಟು ದೀಪ. ಹತ್ತಿರದ ಕಟ್ಟಡವೂ ದೂರದ ಬೆಟ್ಟವೂ ಒಟ್ಟಿಗೆ ಸ್ಪಷ್ಟವಾಗಿ ಕಾಣಬೇಕಾದರೆ ಲೆನ್ಸಿನ ಕಿಂಡಿಯನ್ನು ಕಿರಿದಾಗಿಸಬೇಕು. ಅದಕ್ಕೆ ಇನ್ನಷ್ಟು ದೀಪ. ಆ ದೀಪಗಳ ಕೆಳಗೆ, ರಬ್ಬರಿನ ಒಳಗೆ, ಒಬ್ಬ ಮನುಷ್ಯ. ಅವರ ಹೆಸರು ಹರುಓ ನಕಾಜಿಮಾ. 1954ರ ಗಾಡ್ಜಿಲ್ಲಾ ವೇಷದ ತೂಕ ಸುಮಾರು 100 ಕಿಲೋ. ಪೆಡಂಭೂತಕ್ಕೆ ತೂಕ ಬರಬೇಕಾದರೆ ಯಾರಾದರೂ ಅದನ್ನು ಹೊರಲೇಬೇಕು. ದಸರೆಯಲ್ಲಿ ಗಾರುಡಿ ಗೊಂಬೆಯ ಬಿದಿರಿನ ಹಂದರದೊಳಗೆ ನಿಂತು ಕುಣಿಯುವವರನ್ನು ಹತ್ತಿರದಿಂದ ನೋಡಿದವರಿಗೆ ನನ್ನ ಮಾತು ಬೇಗ ಅರ್ಥವಾಗುತ್ತದೆ. ಆ ಗೊಂಬೆಯ ತಲೆಯ ಓಲಾಟದಲ್ಲಿ ಕಾಣುವುದು ಒಳಗಿನವರ ಸೊಂಟ ಮತ್ತು ಭುಜ.

ಸಿನಿಮಾದ ಪೆಡಂಭೂತ ವಾರವಾರದ ಪೆಡಂಭೂತವಾದದ್ದು ಹೇಗೆ? ಒಂದು ಯಂತ್ರದಿಂದ. ಎರಡು ಫಿಲ್ಮುಗಳಲ್ಲಿರುವುದನ್ನು ಮೂರನೆಯ ಫಿಲ್ಮಿನ ಮೇಲೆ ಒಟ್ಟಿಗೆ ಅಚ್ಚೊತ್ತುವ ಆಪ್ಟಿಕಲ್ ಪ್ರಿಂಟರ್. ತ್ಸುಬುರಾಯಾ ಅವರು ಬೇರೊಂದು ವಾಹಿನಿಯ ಯೋಜನೆಯನ್ನು ನಂಬಿ ಅಮೆರಿಕದಿಂದ ಆಕ್ಸ್‌ಬೆರಿ ಎಂಬ ಪ್ರಿಂಟರ್ ತರಿಸಲು ಹೇಳಿಬಿಟ್ಟಿದ್ದರು. ಬೆಲೆ ಸುಮಾರು 4 ಕೋಟಿ ಯೆನ್. ಆ ಯೋಜನೆ ಬಿದ್ದುಹೋಯಿತು. ಹೊಸ ಕಂಪನಿಯ ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಹಿರಿಯ ಮಗ ಹಾಜಿಮೆ ಟಿಬಿಎಸ್‌ನಲ್ಲಿ ನಿರ್ದೇಶಕ. ಕೊನೆಗೆ ಟಿಬಿಎಸ್ ಆ ಯಂತ್ರವನ್ನು ಕೊಂಡಿತು. ಕೊಂಡ ಮೇಲೆ ಅದಕ್ಕೆ ಕೆಲಸ ಕೊಡಬೇಕಲ್ಲ? ಮದುವೆ ಮುರಿದುಬಿದ್ದ ಮೇಲೆ ಚಪ್ಪರ ಇದೆಯೆಂದು ಇನ್ನೊಂದು ಮದುವೆ ಮಾಡಿದ ಹಾಗೆ 'ಅಲ್ಟ್ರಾ ಕ್ಯೂ' ನಡೆಯಿತು. ಅದು ಮೊದಲು ವಿಚಿತ್ರ ಘಟನೆಗಳ ಸರಣಿಯಾಗಬೇಕಿತ್ತು, ಹೆಸರು 'ಅನ್‌ಬ್ಯಾಲೆನ್ಸ್'. ವಾಹಿನಿ ಪೆಡಂಭೂತಗಳೇ ಬೇಕೆಂದಿತು. 1964ರ ಟೋಕಿಯೊ ಒಲಿಂಪಿಕ್ಸ್‌ನ ಜಿಮ್ನಾಸ್ಟಿಕ್ಸ್‌ನಿಂದ, ಅತಿ ಕಠಿಣ ಕಸರತ್ತಿಗೆ ಹೇಳುವ 'ಅಲ್ಟ್ರಾ ಸಿ' ಎಂಬ ಮಾತು ಮನೆಮಾತಾಗಿತ್ತು. ಹೊಸ ಹೆಸರು ಹುಟ್ಟಿದ್ದು ಅದರಿಂದ. ಸಿನಿಮಾಕ್ಕೆ ಬಳಸುವ 35 ಎಂ.ಎಂ. ಫಿಲ್ಮಿನಲ್ಲೇ ಅದನ್ನು ತೆಗೆದರು. ಪ್ರಸಾರ ಶುರುವಾಗುವ ಹೊತ್ತಿಗೆ ಎಲ್ಲ ಕಂತುಗಳೂ ಸಿದ್ಧವಾಗಿದ್ದವು.

ಇನ್ನು ವೇಷಗಳ ಕಥೆ. ಇದನ್ನು ಹೇಳಲು ಶುರು ಮಾಡಿದರೆ ನಾನು ನಿಲ್ಲಿಸುವುದಿಲ್ಲ ಎಂದು ಸಂಘಟಕರಿಗೆ ಗೊತ್ತಿದೆ, ಆದರೂ ಹೇಳುತ್ತೇನೆ. ವಾರಕ್ಕೊಂದು ಹೊಸ ಪೆಡಂಭೂತಕ್ಕೆ ದುಡ್ಡೆಲ್ಲಿದೆ? 'ಅಲ್ಟ್ರಾ ಕ್ಯೂ'ವಿನ ಮೊದಲ ಕಂತಿನ ಗೋಮೆಸ್ ಯಾರು? ತೋಹೊ ಸ್ಟುಡಿಯೊದ ಗಾಡ್ಜಿಲ್ಲಾ ವೇಷವೇ. ಅದಕ್ಕೆ ಕೊಂಬು, ಕೂದಲು, ಹೊಸ ಹೊದಿಕೆ. ಎರಡನೆಯ ಕಂತಿನ ದೈತ್ಯ ಕೋತಿ ಗೋರೊ, ಹಳೆಯ ಕಿಂಗ್ ಕಾಂಗ್. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಬಾರಗಾನ್ ವೇಷದ ಬಾಳು. 1965ರ ಒಂದು ಸಿನಿಮಾಕ್ಕಾಗಿ ಹುಟ್ಟಿದ ನಾಲ್ಕು ಕಾಲಿನ ಭೂತ ಅದು. ಸಿನಿಮಾ ಮುಗಿದ ಮೇಲೆ ತಲೆ ಬದಲಿಸಿಕೊಂಡು 'ಅಲ್ಟ್ರಾ ಕ್ಯೂ'ವಿನಲ್ಲಿ ಪಾಗೋಸ್ ಆಯಿತು. ಆಮೇಲೆ 'ಅಲ್ಟ್ರಾಮ್ಯಾನ್'ನ ಮೂರನೆಯ ಕಂತಿನಲ್ಲಿ ವಿದ್ಯುತ್ ತಿನ್ನುವ ನೆರೋಂಗಾ. ಎಂಟನೆಯ ಕಂತಿನಲ್ಲಿ ಮಾಗುಲಾರ್. ಒಂಬತ್ತರಲ್ಲಿ ಯುರೇನಿಯಂ ತಿನ್ನುವ ಗಾಬೊರಾ, ತಲೆಯ ಸುತ್ತ ಹೂವಿನ ಎಸಳಿನಂತೆ ಮುಚ್ಚಿ ತೆರೆಯುವ ಫಲಕಗಳು. ಬಾರಗಾನ್, ಪಾಗೋಸ್, ನೆರೋಂಗಾ, ಗಾಬೊರಾ, ನಾಲ್ಕರ ಒಳಗೂ ಇದ್ದವರು ಅದೇ ನಕಾಜಿಮಾ. ಅಣ್ಣನ ಅಂಗಿ ತಮ್ಮನಿಗೆ, ತಮ್ಮನದು ಅವನ ತಮ್ಮನಿಗೆ ಬರುವ ಮನೆಗಳಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತನೆಯ ಕಂತಿನಲ್ಲಂತೂ ಜಿರಾಸ್ ಎಂಬ ಭೂತದ ಕೊರಳ ಸುತ್ತಲಿನ ಝಾಲರಿಯನ್ನು ಅಲ್ಟ್ರಾಮ್ಯಾನ್ ಕಿತ್ತು ಹಾಕುತ್ತಾನೆ, ಅಡಿಯಲ್ಲಿ ಗಾಡ್ಜಿಲ್ಲಾ ನಿಂತಿದ್ದಾನೆ! ಒಳಗೆ ಮತ್ತೆ ನಕಾಜಿಮಾ.

ನಗುವವರು ನಗಲಿ. ನನಗೆ ಅದರಲ್ಲಿ ಕಾಣುವುದು ಬುದ್ಧಿ. ಸೆಮಿ ನಿಂಗೆನ್, ಅಂದರೆ ಜೀರುಂಡೆ ಮನುಷ್ಯ, ಎಂಬ ಹಳೆಯ ಮುಖವಾಡವನ್ನು ತಿದ್ದಿ, ಕೈಗೆ ಏಡಿಯ ಕೊಂಡಿಗಳನ್ನು ಕೊಟ್ಟು ಮಾಡಿದ್ದು 'ಅಲ್ಟ್ರಾಮ್ಯಾನ್'ನ ಬಾಲ್ಟಾನ್ ಎಂಬ ಅನ್ಯಗ್ರಹದ ಜೀವಿ. ಇವತ್ತಿಗೂ ಜಪಾನಿನಲ್ಲಿ ಆ ಹೆಸರನ್ನು ಅರಿಯದವರು ಕಡಿಮೆ.

ಆ ರೂಪಗಳಲ್ಲಿ ಹೆಚ್ಚಿನವನ್ನು ಬರೆದವರು ಶಿಲ್ಪಿ ತೋರು ನರಿತಾ. ಅವುಗಳಲ್ಲಿ ಹಲವನ್ನು ವೇಷವಾಗಿ ಕಟ್ಟಿದವರು ರ್ಯೋಸಾಕು ತಕಾಯಾಮಾ. ನರಿತಾ ತಮಗೆ ತಾವೇ ಹಾಕಿಕೊಂಡ ಕಟ್ಟಳೆಗಳಿದ್ದವು: ಎರಡು ತಲೆ, ಹತ್ತು ಕೈ ಸೇರಿಸಿ ಭೂತ ಮಾಡುವುದಿಲ್ಲ. ಇರುವ ಪ್ರಾಣಿಯನ್ನು ಸುಮ್ಮನೆ ಹಿಗ್ಗಿಸುವುದಿಲ್ಲ. ಗಾಯ, ರಕ್ತ, ಹೊರಬಂದ ಕರುಳು ತೋರಿಸಿ ಹೇಸಿಗೆ ಹುಟ್ಟಿಸುವುದಿಲ್ಲ. ಹತ್ತು ತಲೆಯ ರಾವಣನನ್ನು ಬಣ್ಣದ ವೇಷದಲ್ಲಿ ಕಂಡು ಕೈಮುಗಿಯುವ ನನಗೆ ಮೊದಲನೆಯದರ ಬಗ್ಗೆ ತಕರಾರಿದೆ. ಮೂರನೆಯದನ್ನು ಮಾತ್ರ ಪ್ರತಿ ಅನಿಮೇಷನ್ ತರಗತಿಯ ಗೋಡೆಯ ಮೇಲೆ ಬರೆಸಬೇಕು. ಅಲ್ಟ್ರಾಮ್ಯಾನ್‌ನ ಎದೆಯ ದೀಪ, ಭೂಮಿಯ ಮೇಲೆ ಅವನಿಗಿರುವ ಮೂರು ನಿಮಿಷ ತೀರುತ್ತಾ ಬಂದಾಗ ಮಿಟುಕುವುದು, ನರಿತಾ ಬರೆದದ್ದಲ್ಲ. ಅದು ಅವರಿಗೆ ಇಷ್ಟವೂ ಇರಲಿಲ್ಲ. ಆದರೆ ಕಪ್ಪುಬಿಳುಪು ಟಿ.ವಿ.ಯಲ್ಲಿ ನೋಡುವ ಮಗುವಿಗೂ ಮಿಟುಕು ಕಾಣುತ್ತದೆ. ಟ್ರಿಕ್ ದೃಶ್ಯ ಚಿಕ್ಕದಿದ್ದಷ್ಟೂ ಖರ್ಚು ಕಡಿಮೆ ಎಂಬುದು ಬೇರೆ.

ಚೀಟಿ ಬಂದಿದೆ, ಹತ್ತು ನಿಮಿಷವಂತೆ. ನಾನಿನ್ನೂ ನಾಲ್ಕನೆಯ ಅಂಶದಲ್ಲಿದ್ದೇನೆ. ಬೆಳಕಿನ ಕಿರಣಗಳನ್ನು ಚೌಕಟ್ಟು ಚೌಕಟ್ಟಾಗಿ ಕೈಯಲ್ಲೇ ಬರೆದ ಸದಾಓ ಇಜುಕಾ ಅವರ ವಿಷಯ ಬಿಡುತ್ತೇನೆ. ಧ್ವನಿಯ ವಿಷಯವನ್ನೂ ಬಿಡುತ್ತೇನೆ.

ಕಾಲದ ಒತ್ತಡ ಹೇಳಿಬಿಡುತ್ತೇನೆ. 'ಅಲ್ಟ್ರಾಮ್ಯಾನ್' ಜುಲೈ 17ಕ್ಕೆ ಶುರುವಾಗಬೇಕು. 10ರ ಭಾನುವಾರ 'ಅಲ್ಟ್ರಾ ಕ್ಯೂ'ವಿನ ಉಳಿದ ಒಂದು ಕಂತನ್ನು ಕೈಬಿಟ್ಟು, ಟೋಕಿಯೊದ ಸುಗಿನಾಮಿ ಸಭಾಂಗಣದಲ್ಲಿ ಮಕ್ಕಳ ಮುಂದೆ ನಡೆಸಿದ ವೇದಿಕೆಯ ಕಾರ್ಯಕ್ರಮವನ್ನು ತೋರಿಸಿದರು. 'ಅಲ್ಟ್ರಾಮ್ಯಾನ್' ಸರಣಿಯ ಸರಾಸರಿ ವೀಕ್ಷಣೆ ಶೇ 36.8. ಅಷ್ಟು ಜನ ನೋಡುತ್ತಿದ್ದರೂ 39 ಕಂತಿಗೆ, 1967ರ ಏಪ್ರಿಲ್ 9ರಂದು ನಿಲ್ಲಿಸಿದರು. ವಾರದ ಗಡುವಿಗೆ ಟ್ರಿಕ್ ದೃಶ್ಯಗಳು ಮುಗಿಯುತ್ತಿರಲಿಲ್ಲ. ಅರೆಬೆಂದದ್ದನ್ನು ಬಡಿಸುವ ಬದಲು ಒಲೆ ಆರಿಸಿದರು. ನಮ್ಮಲ್ಲಿ ಎಷ್ಟು ಜನ ಆರಿಸುತ್ತಾರೆ?

ಒಳಗಿದ್ದ ಮನುಷ್ಯನಿಗೆ ಬರುತ್ತೇನೆ. ಅಲ್ಟ್ರಾಮ್ಯಾನ್ ವೇಷ ತೊಟ್ಟವರು ಬಿನ್ ಫುರುಯಾ. ಮುಖ ತೋರಿಸುವ ನಟನಾಗಬೇಕೆಂದು ಬಂದ ಎತ್ತರದ ಹುಡುಗ. ಮೈಗೆ ಅಂಟಿದ ರಬ್ಬರ್, ಕಾಣದ ಕಣ್ಣು, ಉಸಿರಾಡಲು ಕಷ್ಟ. ಬಿಟ್ಟುಬಿಡುತ್ತೇನೆಂದು ತೀರ್ಮಾನಿಸಿ ಬಸ್ಸಿನಲ್ಲಿ ಹೋಗುವಾಗ ಮಕ್ಕಳು ಅಲ್ಟ್ರಾಮ್ಯಾನ್ ಬಗ್ಗೆ ಕಣ್ಣರಳಿಸಿ ಮಾತಾಡುತ್ತಿದ್ದುದು ಕಿವಿಗೆ ಬಿತ್ತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ತಮ್ಮ ಪಕ್ಕದಲ್ಲಿರುವವರು ಯಾರೆಂದು ಆ ಮಕ್ಕಳಿಗೆ ಗೊತ್ತಿಲ್ಲ. ಫುರುಯಾ ಕೊನೆಯ ಕಂತಿನವರೆಗೂ ವೇಷ ಬಿಡಲಿಲ್ಲ. ಮುಂದಿನ ಸರಣಿಯಲ್ಲಿ ಅಮಾಗಿ ಎಂಬ ಪಾತ್ರವಾಗಿ ಸ್ವಂತ ಮುಖದಲ್ಲೇ ಕಾಣಿಸಿಕೊಂಡರು.

ಮತ್ತೆ ತೂಕಕ್ಕೆ ಬರುತ್ತೇನೆ. 23ನೆಯ ಕಂತಿನ ಜಮೀಲಾ ಹುಟ್ಟಿನಿಂದ ಭೂತವಲ್ಲ, ಮನುಷ್ಯ. ಬಾಹ್ಯಾಕಾಶದಲ್ಲಿ ನೀರಿಲ್ಲದ ಗ್ರಹಕ್ಕೆ ಸಿಕ್ಕಿಬಿದ್ದು, ತನ್ನವರು ಕೈಬಿಟ್ಟು, ರೂಪ ಕೆಟ್ಟು ಭೂಮಿಗೆ ಮರಳಿದವನು. ಕುತ್ತಿಗೆಯೇ ಇಲ್ಲ, ಅಂಗಿಯನ್ನು ತಲೆಯ ಮೇಲಕ್ಕೆ ಎಳೆದುಕೊಂಡ ಮಗುವಿನ ಆಕಾರ. ಅವನನ್ನು ಕೊಲ್ಲುವುದು ನೀರು. ಕೆಸರಿನಲ್ಲಿ ಹೊರಳಿ ಹೊರಳಿ ಸಾಯುವಾಗ ಅವನ ಕೂಗಿನಲ್ಲಿ ಹಸುಗೂಸಿನ ಅಳು ಬೆರೆತಿದೆ. ನಿರ್ದೇಶಕ ಅಕಿಓ ಜಿಸ್ಸೋಜಿ. 35ನೆಯ ಕಂತನ್ನು ತೆಗೆದವರೂ ಅವರೇ. ಅದರಲ್ಲಿ ಭೂತಗಳನ್ನು ಕೊಂದ ಪಡೆಯವರೇ ಸತ್ತ ಭೂತಗಳಿಗೆ ಶ್ರಾದ್ಧ ಮಾಡುತ್ತಾರೆ. ಅವುಗಳ ಮಸಣದಿಂದ ಜಾರಿ ಬಿದ್ದ ಸೀಬೋಜು ಆಕಾಶ ನೋಡಿ ಅಳುತ್ತಾನೆ, ಅವನನ್ನು ರಾಕೆಟ್ಟಿಗೆ ಕಟ್ಟಿ ಮನೆಗೆ ಕಳಿಸುತ್ತಾರೆ. ಭಾನುವಾರ ಸಂಜೆ, ಮಕ್ಕಳ ಕಾರ್ಯಕ್ರಮದಲ್ಲಿ.

ಕಥಾವಿಭಾಗದ ಮುಖ್ಯಸ್ಥ ತೆತ್ಸುಓ ಕಿಂಜೊ ಒಕಿನಾವಾದಲ್ಲಿ ಬೆಳೆದವರು. ಅಲ್ಲಿನ ಯುದ್ಧದಲ್ಲಿ ತಾಯಿ ಒಂದು ಕಾಲು ಕಳೆದುಕೊಂಡಿದ್ದರು. ಈ ಸರಣಿಗಳು ಬರುವಾಗ ಒಕಿನಾವಾ ಇನ್ನೂ ಅಮೆರಿಕದ ಆಡಳಿತದಲ್ಲಿತ್ತು. ಕಿಂಜೊ 1976ರಲ್ಲಿ, 37ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಬಗ್ಗೆಯೇ ಒಂದು ಪೂರ್ತಿ ಗಂಟೆ ಮಾತಾಡಬೇಕಿತ್ತು. ಮುಂದಿನ ವರ್ಷ ಕರೆಯಿರಿ.

ಸಂಘಟಕರು ಎದ್ದು ನಿಂತಿದ್ದಾರೆ. ಬೆಳಗ್ಗೆ ಪ್ರಶ್ನೆ ಕೇಳಿದ ಹುಡುಗ ಎಲ್ಲಿ? ಮುಂದೆ ಬಾ ಮಗು. ಈ ಮೇಜಿನ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ತೆಳ್ಳಗೆ ಎರಕ ಹೊಯ್ದ ಒಂದು ಮೂರಂತಸ್ತಿನ ಮನೆಯಿದೆ. ನಿನ್ನೆ ರಾತ್ರಿ ಕೂತು ಮಾಡಿದ್ದು. ಒಳಗೆ ಒಂದು ಹಿಡಿ ಮೈದಾ ತುಂಬಿದ್ದೇನೆ, ಧೂಳಿಗೆ. ನಿನ್ನ ಮೊಬೈಲಿನಲ್ಲಿ ಸೆಕೆಂಡಿಗೆ 120 ಚೌಕಟ್ಟು ಹಿಡಿಯುವ ಸೌಲಭ್ಯ ಇದ್ದೀತು. ಅದನ್ನು ಹಾಕಿಕೊಂಡು, ನೆಲದ ಮಟ್ಟಕ್ಕೆ ಬಗ್ಗಿ, ಕೆಳಗಿನಿಂದ ಮೇಲಕ್ಕೆ ಹಿಡಿ. ಆ ದೀಪವನ್ನು ಯಾರಾದರೂ ಹತ್ತಿರ ತನ್ನಿ. ಇನ್ನೂ ಹತ್ತಿರ. ಮುಷ್ಟಿ ನನ್ನದು. ಒಂದೇ ಮನೆ ಇರುವುದು, ಸರಿಯಾಗಿ ಹಿಡಿ.