ನೈನ್ ಮೈಲ್ ಕಣಿವೆಯ ಕಾಡುಕುರಿಗಳು ಮತ್ತು ರಸ್ತೆಯ ಧೂಳು

ನೀವೀಗ ನೋಡುತ್ತಿರುವುದು ಅಮೆರಿಕದ ಯೂಟಾ ರಾಜ್ಯದ ನೈನ್ ಮೈಲ್ ಕ್ಯಾನ್ಯನ್. ಹೆಸರಿನಲ್ಲಿ ಒಂಬತ್ತೇ ಮೈಲಿ ಇದ್ದರೂ ಈ ಒಣ ಕಣಿವೆ ಸುಮಾರು 40 ಮೈಲಿ ಉದ್ದಕ್ಕೆ ಹಬ್ಬಿದೆ. ಇಕ್ಕೆಲದ ಮರಳುಗಲ್ಲಿನ ಗೋಡೆಗಳ ಮೇಲೆ ಸಾವಿರಾರು ಚಿತ್ರಗಳಿವೆ. ಅವುಗಳಲ್ಲಿ ಬಹುಪಾಲು, ಸುಮಾರು ಸಾವಿರ ವರ್ಷಗಳ ಹಿಂದೆ ಇಲ್ಲಿ ಮೆಕ್ಕೆಜೋಳ ಬೆಳೆದು, ಕಾಳನ್ನು ಬಂಡೆಯ ಸಂದಿಗಳಲ್ಲಿ ಕಟ್ಟಿದ ಕಣಜಗಳಲ್ಲಿ ಕೂಡಿಡುತ್ತಿದ್ದ ಫ್ರೀಮಾಂಟ್ ಸಂಸ್ಕೃತಿಯ ಜನರದ್ದು. ಕುದುರೆ ಸವಾರರ ಚಿತ್ರಗಳು ಮಾತ್ರ ಬಹಳ ಈಚಿನವು. ಅವನ್ನು ಯೂಟ್ ಎಂಬ ಮೂಲನಿವಾಸಿ ಜನರು ಬಿಡಿಸಿದ್ದಾರೆ.

ನಾನು ಬಂದದ್ದು ಮುಖ್ಯವಾಗಿ ಈ ಒಂದು ಬಂಡೆಗಾಗಿ. ಕಾಟನ್‌ವುಡ್ ಎಂಬ ಪಕ್ಕದ ಕಣಿವೆಯಲ್ಲಿರುವ ಇದನ್ನು 'ಗ್ರೇಟ್ ಹಂಟ್', ಅಂದರೆ ಮಹಾಬೇಟೆ, ಎನ್ನುತ್ತಾರೆ. ಬಾಗಿದ ಕೊಂಬಿನ ಕಾಡುಕುರಿಗಳು ಹಿಂಡಾಗಿ ಸಾಗುತ್ತಿವೆ, ಬಿಲ್ಲು ಹಿಡಿದ ಬೇಟೆಗಾರರು ಕಾದಿದ್ದಾರೆ, ನಡುವೆ ಕೊಂಬುಗಳುಳ್ಳ ಮನುಷ್ಯಾಕೃತಿಯೊಂದು ನಿಂತಿದೆ. ಜೂಮ್ ಮಾಡಿ ಒಂದೇ ಕುರಿಯನ್ನು ನೋಡೋಣ. ಅದರ ಮೈ ಒಂದೇ ಗೆರೆಯಲ್ಲಿ ಮೂಡಿದ್ದಲ್ಲ. ಕಲ್ಲಿನಿಂದ ಕಲ್ಲಿಗೆ ಕುಟ್ಟಿದ ನೂರಾರು ಸಣ್ಣ ಚುಕ್ಕೆಗಳ ಗುಂಪು ಅದು. ನಮ್ಮ ಪುರಾತತ್ತ್ವಜ್ಞರು ಇಂಥವನ್ನು ಕುಟ್ಟುಚಿತ್ರ ಎಂದು ಕರೆಯುವುದು ಎಷ್ಟು ಸರಿಯಾಗಿದೆ ಎಂದು ಇಲ್ಲಿ ನಿಂತಾಗ ನನಗೆ ಮನವರಿಕೆಯಾಯಿತು.

ಚಿತ್ರ ಕಣ್ಣಿಗೆ ಕಾಣುವುದು ಬಂಡೆಯ ಮೇಲಿನ ಕಪ್ಪುಗಂದು ಪೊರೆಯಿಂದ. ಜೇಡಿ, ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡುಗಳು ಸಾವಿರಾರು ವರ್ಷ ಕೂತು ಗಟ್ಟಿಯಾದ ಆ ಪೊರೆ ಕೂದಲಿಗಿಂತ ದಪ್ಪವೇನಲ್ಲ. ಅದನ್ನು ಕುಟ್ಟಿ ತೆಗೆದಾಗ ಒಳಗಿನ ತಿಳಿಬಣ್ಣದ ಕಲ್ಲು ಹೊರಬರುತ್ತದೆ. ಚಿತ್ರವೆಂದರೆ ಇಷ್ಟೇ ಆಗಿರುವುದರಿಂದ, ಅದನ್ನು ಹಾಳುಮಾಡಲು ಬಂಡೆಯನ್ನು ಒಡೆಯಬೇಕಾಗಿಲ್ಲ. ಪದೇ ಪದೇ ಕೈ ಸವರಿದರೆ, ಸೀಮೆಸುಣ್ಣದಿಂದ ಗೆರೆ ತಿದ್ದಿದರೆ ಸಾಕು.

ಇಲ್ಲಿ ಅಪಾಯ ಬಂದದ್ದು ಧೂಳಿನ ರೂಪದಲ್ಲಿ. ಮೇಲಿನ ಪ್ರಸ್ಥಭೂಮಿಯಲ್ಲಿ ನೈಸರ್ಗಿಕ ಅನಿಲದ ಬಾವಿಗಳನ್ನು ಕೊರೆಯಲು ಭಾರಿ ಲಾರಿಗಳು ಕಣಿವೆಯ ಆಗಿನ ಮಣ್ಣುರಸ್ತೆಯಲ್ಲೇ ಓಡಾಡತೊಡಗಿದವು. ಎದ್ದ ಧೂಳು ಚಿತ್ರಗಳ ಮೇಲೆ ಕೂತು ಅವನ್ನು ಮಸುಕಾಗಿಸಿತು. ಧೂಳನ್ನು ಅಡಗಿಸಲೆಂದು ರಸ್ತೆಗೆ ಹಾಕಿದ ಮೆಗ್ನೀಸಿಯಂ ಕ್ಲೋರೈಡ್ ಎಂಬ ಲವಣವೂ ಧೂಳಿನೊಡನೆ ಹಾರಿ ಕಲ್ಲನ್ನು ತಿನ್ನಬಹುದೆಂಬ ಆತಂಕ ಎದುರಾಯಿತು. ಒರೆಸಿಬಿಡೋಣವೆಂದರೆ ಒರೆಸುವ ಕೈಯೇ ಪೊರೆಗೆ ಹಾನಿ ಮಾಡೀತು. 2004ರಲ್ಲಿ ಅಮೆರಿಕದ ನ್ಯಾಷನಲ್ ಟ್ರಸ್ಟ್ ಎಂಬ ಪರಂಪರೆ ಸಂರಕ್ಷಣಾ ಸಂಸ್ಥೆ ಈ ಕಣಿವೆಯನ್ನು ಅತ್ಯಂತ ಅಪಾಯದಲ್ಲಿರುವ 11 ತಾಣಗಳ ಪಟ್ಟಿಗೆ ಸೇರಿಸಿತು. 2010ರಲ್ಲಿ ಸರ್ಕಾರಿ ಸಂಸ್ಥೆಗಳು, ಅನಿಲ ಕಂಪನಿ ಮತ್ತು ಸಂರಕ್ಷಣಾ ಗುಂಪುಗಳು ಒಪ್ಪಂದಕ್ಕೆ ಬಂದವು. ಮುಂದಿನ ವರ್ಷಗಳಲ್ಲಿ ರಸ್ತೆಯ ಮೇಲ್ಮೈಯನ್ನು ಗಟ್ಟಿಗೊಳಿಸಲಾಯಿತು.

ನಾನು ಇಂದು ಧೂಳಿಲ್ಲದೆ ಇಲ್ಲಿಗೆ ತಲುಪಿದ್ದು ಆ ರಸ್ತೆಯಲ್ಲೇ. ಅದೇ ರಸ್ತೆ ನನ್ನಂಥ ಸಾಕಷ್ಟು ಜನರನ್ನು ಕರೆತರುತ್ತದೆ ಎಂಬುದನ್ನೂ ನಾನು ಮರೆಯಲಾರೆ. ಆದ್ದರಿಂದಲೇ ದಾರಿಯಲ್ಲಿ ಕಂಡ ಚಿಕ್ಕಪುಟ್ಟ ಚಿತ್ರಗಳಿರುವ ಜಾಗಗಳನ್ನು ಈ ವಿಡಿಯೊದಲ್ಲಿ ಗುರುತಿಸಿಲ್ಲ, ಈ ಕುರಿಯ ಚುಕ್ಕೆಗಳನ್ನು ಚಿತ್ರೀಕರಿಸಿದ್ದೂ ದೂರದಿಂದಲೇ, ಜೂಮ್ ಲೆನ್ಸಿನಲ್ಲಿ. ಈಗ ಸಂಜೆಯ ಓರೆಬಿಸಿಲು ಗೋಡೆಗೆ ತಾಗುತ್ತಿದೆ. ಹಿಂಡಿನ ಕೊನೆಯಲ್ಲಿರುವ ಮರಿಯಂಥ ಪುಟ್ಟ ಆಕೃತಿಯನ್ನು ಒಮ್ಮೆ ಗಮನಿಸಿ.